ಹೊಸ ಗೀರು ಬೀಳಬಾರದು

ನಮ್ಮ ಅತ್ತೆ ನೀಲಾಂಬಿಕೆ ಕೋವಿ ಲೈಸೆನ್ಸಿಗೆ ಅರ್ಜಿ ಹಾಕಿದ್ದಾರೆಂಬ ಸುದ್ದಿ ಹಬ್ಬಿದಾಗ ಮುತ್ತಿನಕೊಪ್ಪದಲ್ಲಿ ನಗದೆ ಉಳಿದವರು ಕಡಿಮೆ. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಅಂಥ ಮನೆಯ ಅರವತ್ತು ದಾಟಿದ ಹೆಂಗಸಿಗೆ ಕೋವಿ! ನರಸಿಂಹರಾಜಪುರದ ಕಚೇರಿಯಲ್ಲಿ ಸಾಹೇಬರೊಬ್ಬರು, "ನಿಮಗ್ಯಾಕಮ್ಮ ಕೋವಿ?" ಎಂದು ಕೇಳಿದರು. "ಮಂಗ ಓಡಿಸೋಕೆ" ಅಂದರು ಅತ್ತೆ. "ಮಂಗಕ್ಕೆ ಪಟಾಕಿ ಹೊಡೆದ್ರೆ ಸಾಲದಾ?" "ಪಟಾಕಿಗೆ ಹೆದರೋ ಮಂಗ ನಿಮ್ಮ ಕಡೆ ಇರಬಹುದು ಸ್ವಾಮಿ. ನಮ್ಮ ಕಡೆಯವು ಬಾಳೆಹಣ್ಣು ತಿನ್ಕೊಂಡು ಕೂತು ನೋಡ್ತವೆ."

ಕಚೇರಿಗೆ ಕಚೇರಿಯೇ ನಕ್ಕಿತು. ಪಕ್ಕದಲ್ಲಿ ಕೂತ ನನಗೆ ಮಾತ್ರ ಮೈ ಉರಿಯಿತು. ಯಾಕೆಂದರೆ ಅತ್ತೆ ಕೇಳುತ್ತಿದ್ದದ್ದು ಹೊಸ ಕೋವಿಯನ್ನಲ್ಲ. ಗಂಡನ ವಾರಸುದಾರಳಾಗಿ, ಅದೇ ಗಂಡನನ್ನು ಕೊಂದ ಕೋವಿಯನ್ನು ಕೇಳುತ್ತಿದ್ದರು. ಅದು ಹಾರಿದಾಗ ಹಿಡಿದಿದ್ದವರು ನನ್ನ ಗಂಡ ಬಸವೇಶ್. ಮನೆಯಲ್ಲಿ ನಾನು ಹೆಸರು ಹಿಡಿದು ಕರೆಯುವುದಿಲ್ಲ. ಇಲ್ಲಿ ಕರೆಯುತ್ತೇನೆ, ಯಾರಿಗೂ ಗೊಂದಲವಾಗುವುದು ಬೇಡ.

ಆದದ್ದು ಇಷ್ಟು. ಮನೆಗೆ ಅಂಟಿಕೊಂಡೇ ನಮ್ಮದೊಂದು ಹಿಟ್ಟಿನ ಗಿರಣಿ. ಹಿಂದೆ ಬಾಳೆ, ಕೋಕೋ, ಅದರಾಚೆ ಗದ್ದೆ. ಈ ಅರ್ಜಿಗೆ ನಾಲ್ಕು ವರ್ಷ ಮೊದಲು, ಯುಗಾದಿ ಕಳೆದ ಮೇಲೆ, ಒಂದು ಬೆಳಿಗ್ಗೆ ಗಿರಣಿಯ ಬೆಲ್ಟು ಹರಿಯಿತು. ಅದೇ ನೆವವಾಗಿ ಅಪ್ಪ ಮಗನಿಗೆ ಮಾತಿಗೆ ಮಾತು ಬೆಳೆಯಿತು. ಬಸವೇಶ್‌ಗೆ ಗಿರಣಿ ಮುಚ್ಚಿ ಅಲ್ಲಿ ಬೈಕು ರಿಪೇರಿ ಶೆಡ್ಡು ಹಾಕುವ ಆಸೆ. ಮಾವ ರಾಜಶೇಖರಪ್ಪನವರಿಗೆ ಆ ಗಿರಣಿಯೆಂದರೆ ಜೀವ. ಕೊನೆಗೆ ಬಸವೇಶ್, "ನೀವಿರೋ ತನಕ ಈ ಮನೇಲಿ ಏನೂ ಆಗಲ್ಲ ಬಿಡಿ" ಅಂದು ಎದ್ದು ಹೋದರು. ಇಂಥ ಮಾತು ಯಾವ ಮನೆಯಲ್ಲಿ ಬರುವುದಿಲ್ಲ ಹೇಳಿ. ಮಧ್ಯಾಹ್ನ ಅಪ್ಪ ಮಗ ಇಬ್ಬರೂ ಪಕ್ಕಪಕ್ಕದಲ್ಲೇ ಕೂತು ಉಂಡರು.

ಕೈ ತೊಳೆಯುವಷ್ಟರಲ್ಲಿ ಮಂಗಗಳ ಹಿಂಡು ಬಾಳೆಗೆ ಬಿತ್ತು. ಮಾವ ಕೋಲು ಹಿಡಿದು ಮುಂದೆ ಓಡಿದರು. ಲೈಸೆನ್ಸಿನಲ್ಲಿ ಮಗನ ಹೆಸರೂ ಸೇರಿತ್ತು, ಹಾಗಾಗಿ ಕೋವಿ ಬಸವೇಶ್ ಕೈಯಲ್ಲಿತ್ತು. ಒಂಟಿ ನಳಿಗೆಯ ಹಳೆಯ ಕೋವಿ. ಹಿಂಭಾಗದಲ್ಲಿ ಕುದುರೆ ಎಂಬ ಪುಟ್ಟ ಸುತ್ತಿಗೆ ಇರುತ್ತದೆ. ಅದನ್ನು ಹಿಂದಕ್ಕೆಳೆದು ನಿಲ್ಲಿಸಿ ಟ್ರಿಗರ್ ಒತ್ತಿದರೆ ಅದು ಬಿದ್ದು ತೋಟಾ ಸಿಡಿಯುತ್ತದೆ. ಬಸವೇಶ್ ತೋಟಾ ತುಂಬಿ, ಕುದುರೆ ಎಳೆದುಕೊಂಡೇ ಓಡಿದರು. ಬಾಳೆಯ ಅಂಚಿಗೆ ಒಂದು ಕಾಲುವೆ. ಅದನ್ನು ಹಾರಿ ಆಚೆ ದಡದಲ್ಲಿ ಕಾಲೂರಿದ್ದೇ ತಡ, ಕೋವಿ ಹಾರಿತು. ಮುಂದೆ ಇದ್ದವರು ಮಾವ. ಶಿವಮೊಗ್ಗ ಮುಟ್ಟುವ ಮೊದಲೇ ಜೀವ ಹೋಯಿತು.

"ಅದಾಗೇ ಹಾರಿದ್ದಮ್ಮಾ" ಎಂದು ಬಸವೇಶ್ ಅವತ್ತು ಒಂದೇ ಒಂದು ಸಲ ಹೇಳಿದ್ದು. "ಇಷ್ಟು ವರ್ಷ ಅದಾಗೇ ಹಾರದೆ ಇದ್ದಿದ್ದು ಇವತ್ತೇ ಹಾರ್ತಾ? ಬೆಳಿಗ್ಗೆ ನೀನು ಆ ಮಾತಾಡಿದ ದಿನವೇ ಹಾರ್ತಾ?" ಎಂದು ಅತ್ತೆ ಕೇಳಿದರು. ಬಸವೇಶ್ ಮತ್ತೆ ಆ ಮಾತು ತೆಗೆಯಲೇ ಇಲ್ಲ.

ಕೇಸಾಯಿತು. ವಕೀಲರು, ಕೋವಿಯಲ್ಲೇ ದೋಷವಿತ್ತೆಂದು ವಾದ ಮಾಡೋಣ, ತಿಳಿದವರಿಂದ ಬಿಚ್ಚಿಸಿ ನೋಡೋಣ ಎಂದು ಪರಿಪರಿಯಾಗಿ ಹೇಳಿದರು. ಬಸವೇಶ್ ಬೇಡವೇ ಬೇಡ ಅಂದರು. ಪರೀಕ್ಷೆಗೆ ಕಳಿಸಿದ್ದ ಕಡೆಯಿಂದ, ಕೋವಿ ಗುಂಡು ಹಾರಿಸುವ ಸ್ಥಿತಿಯಲ್ಲಿದೆ ಎಂದಷ್ಟೇ ಬಂದಿತ್ತು. ಅದು ಹಾರಿಸುತ್ತದೆಂದು ನಮ್ಮ ಮನೆಯವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಕೊನೆಗೆ ಸಾಕ್ಷಿ ಸಾಲದೆಂದು ಕೇಸು ಬಿದ್ದುಹೋಯಿತು. ಕೋರ್ಟು ಬಿಟ್ಟರೂ ಅತ್ತೆ ಬಿಡಲಿಲ್ಲ. "ಕೋವಿ ಕೆಟ್ಟಿದ್ರೆ ತೋರಿಸೋಕೆ ಇವನಿಗ್ಯಾಕೆ ಭಯ?" ಎಂಬುದು ಅವರ ಪ್ರಶ್ನೆ. ಅದನ್ನೇ ನಾನು ಕೇಳಿದರೆ ಬಸವೇಶ್ ಎದ್ದು ಗಿರಣಿಗೆ ಹೋಗಿಬಿಡುತ್ತಿದ್ದರು. ಮುಚ್ಚಬೇಕೆಂದು ಹಾರಾಡಿದ್ದ ಗಿರಣಿಯನ್ನು ಅಪ್ಪ ಹೋದ ಮೇಲೆ ಒಂದು ದಿನ ತಪ್ಪದೆ ನಡೆಸುತ್ತಿದ್ದರು.

ಅತ್ತೆ ಮಗನ ಜೊತೆ ಮಾತು ಬಿಟ್ಟರು. ನಮ್ಮ ಕಡೆ ಮಾತು ಬಿಡುವುದೆಂದರೆ ಮನೆ ಬಿಡುವುದಲ್ಲ. ಅದೇ ಮನೆ, ಅದೇ ಅನ್ನದ ಪಾತ್ರೆ, ಮಾತೊಂದು ಇಲ್ಲ. ಮಾತು ಬೇಕಾದಾಗ ನಡುವೆ ನಾನು. ಬಸವೇಶ್ ಎದುರಿಗೇ ತಟ್ಟೆ ಮುಂದೆ ಕೂತಿರುವಾಗ ಅತ್ತೆ ನನಗೆ, "ಅವನಿಗೆ ಸಾರು ಬೇಕಾ ಕೇಳು" ಅನ್ನುತ್ತಿದ್ದರು. ಬಸವೇಶ್ ನನಗೆ, "ಸಾಕಂತೆ ಅನ್ನು" ಅನ್ನುತ್ತಿದ್ದರು. ಇಬ್ಬರಿಗೂ ಇಬ್ಬರದೂ ಕೇಳಿಸಿರುತ್ತದೆ. ಆದರೂ ನಾನು ಬಾಯಿಬಿಟ್ಟು ಆ ಕಡೆಯದನ್ನು ಈ ಕಡೆಗೆ ದಾಟಿಸಬೇಕು. ಒಂದು ದಿನ ತಲೆಕೆಟ್ಟು, ನಾನೇನು ಪೋಸ್ಟಾಫೀಸಾ ಎಂದು ಸುಮ್ಮನೆ ಕೂತೆ. ಅತ್ತೆ ಸಾರಿನ ಸೌಟು ಹಿಡಿದು ನಿಂತೇ ಇದ್ದರು, ಬಸವೇಶ್ ಒಣ ಅನ್ನ ಕಲಸುತ್ತಲೇ ಇದ್ದರು. ಕೊನೆಗೆ ಸೋತವಳು ನಾನೇ.

ನೋಡನೋಡುತ್ತ ಬಸವೇಶ್ ಇಳಿದುಹೋದರು. ಅಂಗಿ ಮೈಮೇಲೆ ನೇತಾಡುತ್ತಿತ್ತು. ಅತ್ತೆ ಒಂದು ಸಲ ಅವರ ಮುಖ ನೋಡಿ ಒಂದು ಮಾತಾಡಲಿ, ಬಯ್ದರೂ ಸರಿ ಎಂದು ನಾನು ದಿನಾ ದೇವರ ಮುಂದೆ ಬೇಡಿಕೊಳ್ಳುತ್ತಿದ್ದೆ. ಬೇರೆ ಏನನ್ನೂ ಕೇಳಿಕೊಂಡಿಲ್ಲ.

ಲೈಸೆನ್ಸು ಬಂತು. ಕೋವಿಯನ್ನು ಹಳೇ ಜಮಖಾನದಲ್ಲಿ ಸುತ್ತಿಕೊಂಡು ಅತ್ತೆ ಸ್ಟೇಷನ್ನಿನಿಂದ ಮನೆಗೆ ತಂದರು. ಅದನ್ನು ಕಂಡು ಬಸವೇಶ್ ಗಿರಣಿ ಬಾಗಿಲಲ್ಲೇ ನಿಂತುಬಿಟ್ಟರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅದನ್ನ ಸ್ಟೇಷನ್ನಿಗೇ ವಾಪಸ್ ಕೊಟ್ಟುಬಿಡ್ಲಿ ಅನ್ನು ಅಮ್ಮಂಗೆ" ಎಂದು ನನಗೆ ಹೇಳಿದರು.

"ಕೊಡ್ತಾರಂತೆ ಅನ್ನು" ಎಂದರು ಅತ್ತೆ ನನಗೆ. "ಒಂದ್ಸಲ ಬಿಚ್ಚಿ ನೋಡಿದ ಮೇಲೆ."

ಆಗಲೇ ನನಗೆ ಗೊತ್ತಾದದ್ದು, ಇಷ್ಟು ಓಡಾಟ ಮಂಗಕ್ಕಲ್ಲ ಎಂದು.

ಕೋವಿಯ ಸ್ಥಿತಿ ನೋಡಬೇಕಿತ್ತು. ನಾಲ್ಕು ವರ್ಷ ಯಾವ ಮೂಲೆಯಲ್ಲಿ ಬಿದ್ದಿತ್ತೋ, ತುಕ್ಕು ಹಿಡಿದು ಕುದುರೆ ಅಲುಗುತ್ತಲೂ ಇರಲಿಲ್ಲ. ಬಿಚ್ಚಬೇಕಾದರೆ ಕುದುರೆ, ಟ್ರಿಗರ್ ಹಿಡಿದಿರುವ ಪಿನ್ನುಗಳನ್ನು ಹೊಡೆದು ತೆಗೆಯಬೇಕು. ಮಾವನ ಸಲಕರಣೆ ಪೆಟ್ಟಿಗೆ ಅಟ್ಟದ ಮೇಲೆ ಹಾಗೇ ಇತ್ತು. ಮಾವ ಕೋವಿಯ ಸಣ್ಣಪುಟ್ಟ ರಿಪೇರಿಗೆ ಯಾರ ಮನೆ ಬಾಗಿಲಿಗೂ ಹೋದವರಲ್ಲ, ಎಲ್ಲ ಮನೆಯಲ್ಲೇ. ನಾನು ಪೆಟ್ಟಿಗೆ ಇಳಿಸಿದೆ. ತುದಿ ಕತ್ತರಿಸಿದ ಮೊಳೆಗಳು, ಸೈಕಲ್ಲಿನ ಕಡ್ಡಿ, ಕೊಡೆಯ ಕಂಬಿ, ತಲೆ ಚಪ್ಪಟೆಯಾದ ಸುತ್ತಿಗೆ, ಹಿಡಿಗೆ ಬಟ್ಟೆ ಸುತ್ತಿದ, ಕಬ್ಬಿಣ ಉಜ್ಜುವ ಅರ. ಪಿನ್ನಿನ ಮೇಲಿಟ್ಟು ಹೊಡೆಯುವ ಕಡ್ಡಿಗೆ ಪಂಚು ಅನ್ನುತ್ತಾರೆ; ಮಾವನ ಪಂಚುಗಳೆಂದರೆ ಆ ಮೊಳೆ, ಆ ಕಂಬಿ.

"ಇವು ಬೇಡ" ಅಂದರು ಅತ್ತೆ.

"ಯಾಕೆ ಅತ್ತೆ? ಮಾವ ಇದ್ರಲ್ಲೇ ಅಲ್ವಾ ಮಾಡ್ತಿದ್ದಿದ್ದು?"

"ಅದಕ್ಕೇ ಬೇಡ ಅಂದಿದ್ದು."

ಆಮೇಲೆ ಶುರುವಾಯಿತು ನನ್ನ ಫೋನಿನ ಗ್ರಹಚಾರ. ಊಟವಾದ ಮೇಲೆ ಅತ್ತೆ ಕನ್ನಡಕ ಏರಿಸಿಕೊಂಡು ಯೂಟ್ಯೂಬಿನಲ್ಲಿ ಕೋವಿ ಬಿಚ್ಚುವವರನ್ನು ನೋಡುತ್ತ ಕೂರುತ್ತಿದ್ದರು. ಬಿಳಿ ಗಡ್ಡದ ಯಾರೋ ಅಮೆರಿಕದವನು. ಅವನ ಒಂದು ಮಾತೂ ಇವರಿಗೆ ತಿಳಿಯದು. "ಬಾಯಿ ಯಾಕೆ ನೋಡ್ಬೇಕು, ಕೈ ನೋಡಿದ್ರೆ ಸಾಕು" ಅನ್ನುತ್ತಿದ್ದರು. ಅವನು ಒಂದು ಪಂಚು ಇಟ್ಟು ಇನ್ನೊಂದು ಎತ್ತಿಕೊಂಡರೆ ಅತ್ತೆ ವಿಡಿಯೋ ನಿಲ್ಲಿಸಿ ಹಿಂದಕ್ಕೆ ಹೋಗಿ, ಯಾಕೆ ಬದಲಾಯಿಸಿದ ಎಂದು ಮತ್ತೆ ಮತ್ತೆ ನೋಡುವರು. ಹಪ್ಪಳಕ್ಕೆ ಹಿಟ್ಟಿನ ಹದ ನೋಡುವಾಗ ಅವರ ಮುಖ ಹೇಗಿರುತ್ತಿತ್ತೋ ಹಾಗೇ ಇರುತ್ತಿತ್ತು.

ನರಸಿಂಹರಾಜಪುರದ ಅಂಗಡಿಗಳಲ್ಲಿ ಚೂಪು ತುದಿಯ ಸೆಂಟರ್ ಪಂಚು ಬಿಟ್ಟರೆ ಬೇರೆ ಸಿಗಲಿಲ್ಲ. ಆನ್‌ಲೈನಿನಲ್ಲಿ ತರಿಸೋಣ ಅಂದೆ. ಕೈಯಲ್ಲಿ ಹಿಡಿದು ನೋಡದೆ ಬೇಡ ಅಂದರು. ಹಾಗಾಗಿ ಕೊಪ್ಪಕ್ಕೆ ಹೋದೆವು. ಬಸ್‌ಸ್ಟ್ಯಾಂಡಿನ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ವನಮಾಲಾ ಎಂಬ ಹೆಂಗಸು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಳು, ನನಗಿಂತ ಸ್ವಲ್ಪ ದೊಡ್ಡವಳಿರಬಹುದು.

"ಎಂತ ಕೆಲಸಕ್ಕಮ್ಮಾ ಪಂಚು?"

"ಹೊಲಿಗೆ ಮಿಷನ್ನಿಗೆ."

ಅತ್ತೆ ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದರು. ಪಿನ್ನುಗಳ ತಲೆಯ ಮೇಲೆ, ಸ್ಕ್ರೂಗಳ ಸೀಳಿನ ಮೇಲೆ ಅದನ್ನಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ, ಅಳತೆಯ ಗುರುತು ಮಾಡಿಕೊಂಡು ಬಂದಿದ್ದರು. ವನಮಾಲಾ ಕಾಗದ ನೋಡಿದಳು, ಅತ್ತೆಯ ಮುಖ ನೋಡಿದಳು.

"ಹೊಲಿಗೆ ಮಿಷನ್ನಿಗೆ ಇಷ್ಟು ದಪ್ಪದ ಪಿನ್ನಿರುತ್ತಾ?"

"ನಮ್ದು ಹಳೇದು."

ಅವಳು ಒಂದಿಷ್ಟು ಪಂಚುಗಳನ್ನು ಮೇಜಿನ ಮೇಲೆ ಸುರಿದಳು. ಅತ್ತೆ ಬಳೆ ಆರಿಸುವ ಹಾಗೆ ಒಂದೊಂದನ್ನೇ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಚೂಪು ತುದಿಯದು ಬೇಡ, ಪಿನ್ನಿನ ತಲೆ ಅರಳಿಬಿಡುತ್ತದೆ. ತುದಿಗೆ ಹೋದಂತೆ ಸಣ್ಣಗಾಗುವುದು ಗಿಡ್ಡಕ್ಕಿದ್ದರೆ ಮೊದಲ ಪೆಟ್ಟಿಗೆ ಒಳ್ಳೆಯದು, ಗಟ್ಟಿ. ಆದರೆ ಅದನ್ನೇ ಹೊಡೆಯುತ್ತ ಹೋದರೆ ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಹಾಗಾಗಿ ಉದ್ದಕ್ಕೂ ಒಂದೇ ದಪ್ಪದ್ದು ಇನ್ನೊಂದು ಬೇಕು, ಪಿನ್ನಿಗಿಂತ ಒಂದು ಕೂದಲು ಸಣ್ಣ. ಇದನ್ನೆಲ್ಲ ಅತ್ತೆ ನನಗೆ ಹೇಳುತ್ತಿದ್ದರೋ ತಮಗೇ ಹೇಳಿಕೊಳ್ಳುತ್ತಿದ್ದರೋ ಗೊತ್ತಿಲ್ಲ. ಕೊನೆಗೆ, "ಇವೆಲ್ಲ ಉಕ್ಕು. ಹಿತ್ತಾಳೆದು ಇಲ್ವಾ?" ಎಂದು ಕೇಳಿದರು.

"ಇದೆ. ಆದ್ರೆ ಹಿತ್ತಾಳೆದು ಬಾಗುತ್ತಮ್ಮಾ, ಜಾಸ್ತಿ ದಿನ ಬಾಳಲ್ಲ."

"ನಂಗೆ ಒಂದು ದಿನಕ್ಕೆ ಸಾಕು."

ಒಂದು ಮುಖ ಹಿತ್ತಾಳೆ, ಇನ್ನೊಂದು ಮುಖ ನೈಲಾನ್ ಇರುವ ಪುಟ್ಟ ಸುತ್ತಿಗೆ ತೆಗೆದುಕೊಂಡರು. ಸ್ಕ್ರೂ ಡ್ರೈವರ್ ಆರಿಸಲು ಇನ್ನಷ್ಟು ಹೊತ್ತು. ಕಾಗದದ ಗುರುತಿನ ಮೇಲೆ ತುದಿ ಇಟ್ಟು, ಸೀಳಿನ ಉದ್ದಕ್ಕೂ ಅಗಲಕ್ಕೂ ಸರಿಹೊಂದುವುದು ಸಿಗುವ ತನಕ ಬಿಡಲಿಲ್ಲ. ವನಮಾಲಾ ಚೀಲಕ್ಕೆ ಹಾಕಿ ಕೊಡುತ್ತ, "ಹೊಲಿಗೆ ಮಿಷನ್ನು ಪುಣ್ಯ ಮಾಡಿತ್ತು ಬಿಡಿ" ಅಂದಳು. ಅವಳ ಕಣ್ಣು ನಗುತ್ತಿರಲಿಲ್ಲ.

ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಇಷ್ಟೆಲ್ಲ ಯಾಕೆ ಅತ್ತೆ? ಶಿವಮೊಗ್ಗದಲ್ಲಿ ಕೋವಿ ಅಂಗಡಿ ಇದೆ. ಕೊಟ್ರೆ ಅವ್ರೇ ಬಿಚ್ಚಿ ಹೇಳ್ತಾರೆ."

"ಅವ್ರು ಹೇಳಿದ್ದನ್ನ ನಂಬಬೇಕಾಗುತ್ತೆ. ನಂಬಿ ನಂಬಿ ಸಾಕಾಗಿದೆ ಮಾರಾಯ್ತಿ. ನನ್ನ ಕಣ್ಣಲ್ಲಿ ನೋಡ್ಬೇಕು."

"ಮಾವನ ಮೊಳೆಯಲ್ಲೇ ಹೊಡೆದಿದ್ರೆ ಆಗ್ತಿರ್ಲಿಲ್ವಾ?"

"ಮೊಳೆ ಜಾರುತ್ತೆ. ಹೊಸ ಗೀರು ಬೀಳಬಾರದು ಕಣೆ. ಬಿದ್ರೆ ಯಾವುದು ನಾನು ಮಾಡಿದ್ದು, ಯಾವುದು ಮೊದಲೇ ಇದ್ದಿದ್ದು ಅಂತ ಹೆಂಗೆ ಹೇಳ್ತೀಯ? ಒಳಗೆ ಯಾವುದೋ ಹಲ್ಲು ಸವೆದಿರಬೇಕು, ಇಲ್ಲಾ ಮುರಿದಿರಬೇಕು. ಇದ್ರೆ ಅದು ನನ್ನ ಕಣ್ಣಿಗೆ ಹೆಂಗಿತ್ತೋ ಹಂಗೇ ಕಾಣಬೇಕು."

"ಏನೂ ಇಲ್ದಿದ್ರೆ?"

ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. "ಇಲ್ದಿದ್ರೆ ಅವನು ಒತ್ತಿದ್ದಾನೆ. ಆಮೇಲೆ ನಾನು ಸತ್ರೂ ನನ್ನ ಹೆಣಕ್ಕೆ ಅವನ ಕೈ ತಾಗಿಸ್ಬೇಡ."

ನಾನು ನನ್ನ ಗಂಡನನ್ನು ನಂಬಿದ್ದೆನಾ? ನಂಬಿದ್ದೆ. ಆದರೆ ಆ ಬೆಳಗಿನ ಮಾತು ನನ್ನ ಕಿವಿಗೂ ಬಿದ್ದಿತ್ತಲ್ಲ. ಬಸ್ಸು ಇಳಿಯುವ ತನಕ ಆ ಚೀಲವನ್ನು ಕಿಟಕಿಯಾಚೆ ಎಸೆಯಬೇಕೆಂದು ಅನಿಸುತ್ತಲೇ ಇತ್ತು.

ಮರುದಿನ ಪೂಜೆ ಮುಗಿಸಿ ಅತ್ತೆ ನಡುಮನೆಯಲ್ಲಿ ಹಳೆಯ ಹತ್ತಿ ಸೀರೆ ಹಾಸಿದರು. ಹಿಂದಿನ ಸಂಜೆಯೇ ಪಿನ್ನುಗಳಿಗೆ ಸೀಮೆಎಣ್ಣೆ ಬಿಟ್ಟಿದ್ದರು. ನಳಿಗೆ ಕಳಚಿ, ಒಳಗೇನೂ ಇಲ್ಲವೆಂದು ನನಗೂ ತೋರಿಸಿ, ಆ ಮೇಲೆ ಸ್ಕ್ರೂಗಳಿಗೆ ಕೈ ಹಾಕಿದರು. ಸ್ಕ್ರೂಗಳ ತಲೆಯೆಲ್ಲ ಮೊದಲೇ ಕಿತ್ತು ಹೋಗಿತ್ತು. "ನೋಡು, ಇದು ನಿಮ್ಮ ಮಾವನ ಕೆಲಸ. ಅಡುಗೆಮನೆ ಚಾಕುವಲ್ಲಿ ತಿರುಗಿಸಿದ್ರು, ನಾನೇ ಬಯ್ದಿದ್ದೆ" ಅಂದು ಒಂದು ಗಳಿಗೆ ನಕ್ಕರು. ಗೋಡೆಯ ಆಚೆ ಗಿರಣಿ ಓಡುತ್ತಿತ್ತು. ಯಾರದೋ ರಾಗಿ ಬೀಸುತ್ತಿದ್ದರು ಬಸವೇಶ್.

ಮರದ ದಿಮ್ಮಿಗೆ ಮೊದಲೇ ಒಂದು ತೂತು ಕೊರೆಸಿಟ್ಟಿದ್ದರು, ಪಿನ್ನು ಆ ಕಡೆ ಬೀಳಲು ಜಾಗವಿರಲಿ ಎಂದು. ನಾನು ಕೋವಿಯ ನಡುಭಾಗವನ್ನು ಅದರ ಮೇಲೆ ಅಲುಗದ ಹಾಗೆ ಹಿಡಿದೆ. ಅತ್ತೆ ಗಿಡ್ಡ ಪಂಚು ಇಟ್ಟು ಟಕ್ ಎಂದು ಒಂದು ಪೆಟ್ಟು ಹಾಕಿದರು. ಪಿನ್ನು ಅಲುಗಲಿಲ್ಲ. ಇನ್ನೊಂದು ಪೆಟ್ಟಿಗೆ ತುಕ್ಕಿನ ಪುಡಿ ಉದುರಿ ಪಿನ್ನು ಒಂದಿಷ್ಟು ಇಳಿಯಿತು. ಪಂಚು ಬದಲಾಯಿಸಿ, ಹಿತ್ತಾಳೆಯದನ್ನಿಟ್ಟು ನಿಧಾನಕ್ಕೆ ತಟ್ಟುತ್ತ ಹೋದರು. ಮಗುವಿನ ಬೆನ್ನು ತಟ್ಟುವಷ್ಟೇ ಮೆಲ್ಲಗೆ. ಪಿನ್ನು ಜಾರಿ ತೂತಿನಲ್ಲಿ ಬಿತ್ತು. ಎಲ್ಲೂ ಒಂದು ಹೊಸ ಗೀರು ಬಿದ್ದಿರಲಿಲ್ಲ. ಅತ್ತೆ ಕುದುರೆಯನ್ನು ಹೊರಗೆ ತೆಗೆದು, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದರು.

ಕುದುರೆಯ ಬುಡದಲ್ಲಿ ಒಂದು ಕಚ್ಚು ಇರುತ್ತದೆ. ಟ್ರಿಗರಿನ ತುದಿ ಆ ಕಚ್ಚಿನಲ್ಲಿ ಸಿಕ್ಕಿಕೊಂಡು ಕುದುರೆ ಬೀಳದಂತೆ ಹಿಡಿಯುತ್ತದೆ. ಕಚ್ಚು ಆಳವಾಗಿದ್ದರೆ ಟ್ರಿಗರ್ ಬಿಗಿ, ಕಡಿಮೆಯಾದರೆ ಹಗುರ, ಇನ್ನೂ ಕಡಿಮೆಯಾದರೆ ಒಂದು ಅಲುಗಾಟ ಸಾಕು. ಇಷ್ಟನ್ನು ವಿಡಿಯೋ ನೋಡಿ ನಾನೂ ತಿಳಿದುಕೊಂಡಿದ್ದೆ. ಈ ಕುದುರೆಯಲ್ಲಿ ಕಚ್ಚು ಹೆಸರಿಗಷ್ಟೇ ಇತ್ತು. ಸವೆದದ್ದಲ್ಲ, ಮುರಿದದ್ದೂ ಅಲ್ಲ. ಅದರ ಮೇಲೆ ಒಂದೇ ದಿಕ್ಕಿಗೆ ಸಾಲಾಗಿ ಗೆರೆಗಳು. ಅರ ಹಾಕಿದ ಗೆರೆ ಎಂದು ಯಾರಾದರೂ ಹೇಳಬಹುದಿತ್ತು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಹೊತ್ತಿನಲ್ಲಿ ಸತ್ತ ಮಾವನ ನೆನಪು ಕೂಡ ಬರಲಿಲ್ಲ. "ಅತ್ತೆ! ಅವರು ಒತ್ತಿಲ್ಲ! ನೋಡಿ, ಕಾಲುವೆ ಹಾರಿದ ಕುಲುಕಾಟಕ್ಕೇ ಬಿದ್ದಿದೆ ಇದು. ಮಾವ ಅರ ಹಾಕಿ ಕೆಡಿಸಿಟ್ಟಿದ್ದಾರೆ!"

ಅತ್ತೆ ಹೆಬ್ಬೆರಳಿನಿಂದ ಆ ಗೆರೆಗಳನ್ನು ಸವರುತ್ತ ಕೂತರು. ಮುಖ ಬರಬರುತ್ತ ಬೂದಿಯಾಯಿತು.

"ಎಣ್ಣೆ ಹಾಕಿದೀನಿ ಅಂದಿದ್ರು ನಂಗೆ" ಅಂದರು ಕೊನೆಗೆ.

"ಯಾರು ಅತ್ತೆ?"

"ನಿಮ್ಮ ಮಾವ. ಮಧ್ಯಾಹ್ನ ಅಪ್ಪ ಮಗ ಇಬ್ರೂ ಗಿರಣೀಲಿ ಇರೋವಾಗ ಮಂಗ ಬಂದ್ರೆ ಊರವರಿಗೆ ಗೊತ್ತಾಗದ ಹಾಗೆ ನಾನೇ ಅಲ್ವಾ ಕೋವಿ ಹೊಡೀತಿದ್ದಿದ್ದು. ಟ್ರಿಗರ್ ಬಿಗಿ, ನನ್ನ ಬೆರಳಿಗೆ ಬಗ್ಗಲ್ಲ ಅಂತ ಜೀವ ತಿಂದಿದ್ದೆ ಇವರದ್ದು. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿ, ಯಾರಾದ್ರೂ ಬಲ್ಲವರ ಹತ್ರ ಮಾಡಿಸ್ತೀನಿ ಅಂತ ಹಂಗಿಸಿದ್ದೆ. ಒಂದಿನ ತಂದು ಕೊಟ್ಟು, ಈಗ ಎಳೆದು ನೋಡು ಅಂದ್ರು. ಬೆಣ್ಣೆ ಹಂಗಿತ್ತು. ಏನ್ ಮಾಡಿದ್ರಿ ಅಂದ್ರೆ, ಎಣ್ಣೆ ಹಾಕ್ದೆ ಅಂದ್ರು."

ಗಿರಣಿ ನಿಂತದ್ದು ನಮಗಿಬ್ಬರಿಗೂ ಗೊತ್ತಾಗಲಿಲ್ಲ. ತಲೆ ಎತ್ತಿದರೆ ಬಸವೇಶ್ ಬಾಗಿಲಲ್ಲಿ ನಿಂತಿದ್ದರು, ಹುಬ್ಬಿನ ತನಕ ರಾಗಿ ಹಿಟ್ಟು. ಸೀರೆಯ ಮೇಲೆ ಹರಡಿದ್ದ ಭಾಗಗಳನ್ನು ನೋಡಿದರು. ಅಮ್ಮನ ಕೈಯಲ್ಲಿದ್ದ ಕುದುರೆಯನ್ನು ನೋಡಿದರು. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು.

ಅತ್ತೆ ಅವರ ಮುಖ ನೋಡಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ.

"ನಿಂಗೆ ಗೊತ್ತಿತ್ತಾ?"

"ಅಪ್ಪಾಜಿ ಅರ ಹಾಕೋವಾಗ ಕುದುರೇನ ಗಿರಣಿ ವೈಸಲ್ಲಿ ಬಿಗಿ ಮಾಡಿ ಹಿಡಿದಿದ್ದು ನಾನೇ ಅಮ್ಮ. ಇಷ್ಟು ಬೇಡ ಅಪ್ಪಾಜಿ, ಸಾಕು ಅಂದೆ. ಇನ್ನೆರಡು ಸಲ ಎಳೀತೀನಿ, ನಿಮ್ಮಮ್ಮನ ಬಾಯಿ ಮುಚ್ಚಲಿ ಅಂದು ನಕ್ಕರು." ಬಸವೇಶ್ ಮುಖದ ಹಿಟ್ಟು ಒರೆಸಿಕೊಂಡರು. "ಗೊತ್ತಿದ್ದೂ ಅವತ್ತು ಕುದುರೆ ಎಳ್ಕೊಂಡೇ ಹಾರಿದೆ. ಮಂಗ ನೋಡಿದ ಗಡಿಬಿಡೀಲಿ ಮರೆತುಹೋಯ್ತು. ತಪ್ಪು ನಂದೇ."

"ಕೋರ್ಟಲ್ಲಿ ಯಾಕೆ ಹೇಳಲಿಲ್ಲ?"

"ಯಾಕೆ ಅರ ಹಾಕಿದ್ರು ಅಂತ ಕೇಳ್ತಿದ್ರಲ್ಲ ಅಮ್ಮ, ನಿನ್ನೆದುರಿಗೇ."

"ನಂಗಾದ್ರೂ ಹೇಳ್ಬಾರ್ದಿತ್ತಾ?"

"ನೀನು ನನ್ನ ಮೇಲೆ ಸಿಟ್ಟು ಮಾಡ್ಕೊಂಡ್ರೆ ಹೆಂಗೋ ಬದುಕ್ತೀಯ. ನಿನ್ನ ಮೇಲೇ ಮಾಡ್ಕೊಂಡ್ರೆ ಬದುಕಲ್ಲ ಅನ್ನಿಸ್ತು."

ಅವರನ್ನು ಅಪ್ಪಿಕೊಳ್ಳಬೇಕೋ ಕಪಾಳಕ್ಕೆ ಬಾರಿಸಬೇಕೋ ನನಗೆ ತಿಳಿಯಲಿಲ್ಲ. ನಾಲ್ಕು ವರ್ಷ ಪಕ್ಕದಲ್ಲೇ ಮಲಗಿದ್ದಾರೆ. ಅವರ ಕಡೆಯದನ್ನೂ ಇವರ ಕಡೆಯದನ್ನೂ ಹೊತ್ತು ನನ್ನ ಬೆನ್ನು ಮುರಿದಿದೆ. ಒಂದು ರಾತ್ರಿಯೂ, ಶಿಲ್ಪಾ, ಹೀಗಿದೆ ಸಂಗತಿ ಎಂದು ಹೇಳಲಿಲ್ಲ. ಹೇಳಿದ್ದರೆ ನಾನು ಮರುದಿನವೇ ಅತ್ತೆಯ ಮುಂದೆ ಕಕ್ಕಿಬಿಡುತ್ತಿದ್ದೆ, ಅದೂ ಅವರಿಗೆ ಗೊತ್ತು.

ಅತ್ತೆ ಎದ್ದು, ಕೋವಿಯ ಭಾಗಗಳನ್ನೆಲ್ಲ ಅದೇ ಸೀರೆಯಲ್ಲಿ ಗಂಟು ಕಟ್ಟಿದರು. ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಚಪ್ಪಲಿ ಮೆಟ್ಟಿ ಬಸ್ಸಿಗೆ ಹೊರಟರು. ಎಲ್ಲಿಗೆ ಎಂದು ಕೇಳುತ್ತ ನಾನೂ ಬಸವೇಶೂ ಅವರ ಹಿಂದೆ ಓಡಿದೆವು.

ನರಸಿಂಹರಾಜಪುರದ ಸ್ಟೇಷನ್ನಿನಲ್ಲಿ ಗಂಟನ್ನು ಮೇಜಿನ ಮೇಲಿಟ್ಟು, "ಇದನ್ನ ಇಟ್ಕೊಳಿ ಸ್ವಾಮಿ. ನಂಗೆ ಬೇಡ. ಇನ್ನೊಂದು ಬರ್ಕೊಳಿ, ನನ್ನ ಗಂಡನ್ನ ಕೊಂದಿದ್ದು ನಾನು" ಅಂದರು. ಅಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ, ಚಿಕ್ಕ ಪ್ರಾಯ. ಕುರ್ಚಿ ಕೊಟ್ಟ, ನೀರು ತರಿಸಿದ. ಅತ್ತೆ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದ. ಕೋವಿ ಒಪ್ಪಿಸುವುದಕ್ಕೆ ಏನು ಬರೆಯಬೇಕೋ ಬರೆಸಿಕೊಂಡ. ಇನ್ನೊಂದನ್ನು ಬರೆಯಲಿಲ್ಲ.

"ಅಮ್ಮಾ, ಇದ್ರಲ್ಲಿ ಅಪರಾಧ ಏನಿದೆ? ಟ್ರಿಗರ್ ಬಿಗಿ ಅಂತ ಗಂಡನಿಗೆ ಹೇಳಿದ್ದು ಅಪರಾಧನಾ? ಕೇಸು ಮುಗಿದು ಹೋಗಿದೆ. ಮನೆಗೆ ಹೋಗಿ."

"ನನ್ನ ಮಗನ ಮೇಲೆ ಅಷ್ಟು ವರ್ಷ ಬರ್ಕೊಂಡಿದ್ರಲ್ಲ. ನನ್ನ ಮೇಲೆ ಒಂದು ಗೆರೆ ಬರೆಯೋಕೆ ಜಾಗ ಇಲ್ವಾ?"

ಅವನು ಬಸವೇಶ್ ಕಡೆ ನೋಡಿದ, ಕರೆದುಕೊಂಡು ಹೋಗಿ ಎನ್ನುವ ಹಾಗೆ.

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಅತ್ತೆ ಕೂತರು. ಬಿಸಿಲು ಕಾಯುತ್ತಿತ್ತು. ಬಸವೇಶ್ ಎಳನೀರು ತಂದು ಮುಂದೆ ಹಿಡಿದು, "ಅಮ್ಮ, ಕುಡಿ" ಅಂದರು. ಅತ್ತೆ ತೆಗೆದುಕೊಳ್ಳಲಿಲ್ಲ.

"ನನ್ನ ಹತ್ರ ಮಾತಾಡ್ಬೇಡ ಕಣೋ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಳ್ಳುತ್ತಿದ್ದರು. "ನಾನು ನಿನ್ನ ಹತ್ರ ಎಷ್ಟು ವರ್ಷ ಮಾತು ಬಿಟ್ಟಿದ್ನೋ ಅಷ್ಟು ವರ್ಷ ನೀನೂ ಬಿಡು. ಯಾರೂ ಏನೂ ಶಿಕ್ಷೆ ಕೊಡಲಿಲ್ಲ ನಂಗೆ. ನೀನಾದ್ರೂ ಅಷ್ಟು ಕೊಡು."

"ಅದು ನನ್ನ ಕೈಲಾಗಲ್ಲಮ್ಮ" ಅಂದರು ಬಸವೇಶ್.

ಬಸ್ಸಿನಲ್ಲಿ ಅಮ್ಮನ ಪಕ್ಕವೇ ಕೂತರು. ನಾನು ಹಿಂದಿನ ಸೀಟಿನಲ್ಲಿದ್ದೆ. ಬಸ್ಸು ಹೊರಟ ಮೇಲೆ ಬಸವೇಶ್ ಮಾತು ಶುರು ಮಾಡಿದರು. ಗಿರಣಿಯ ಮೋಟರು ಬಿಸಿಯಾಗುತ್ತಿದೆ ಅಂದರು. ಕಡಹಿನಬೈಲಿನವರು ಯಾರೋ ಅಕ್ಕಿ ಹಿಟ್ಟು ನುಣ್ಣಗಾಗಲಿಲ್ಲವೆಂದು ಜಗಳಕ್ಕೆ ಬಂದಿದ್ದರು ಅಂದರು. ಈ ಸಲ ಕೋಕೋ ಕಾಯಿಗೆ ಕೊಳೆ ಬಂದಿದೆ, ಹಳೇ ದನದ ಕೊಟ್ಟಿಗೆಯ ಹೆಂಚು ಬದಲಾಯಿಸಬೇಕು, ನಿನಗೆ ಮೊಣಕಾಲು ನೋವಿಗೆ ಬೇರೆ ಡಾಕ್ಟರಿಗೆ ತೋರಿಸೋಣ ಅಂದರು. ನಾಲ್ಕು ವರ್ಷ ಕೂಡಿಟ್ಟದ್ದನ್ನೆಲ್ಲ ಒಂದೇ ಬಸ್ಸಿನಲ್ಲಿ ಆಡಿ ಮುಗಿಸುವವರಂತೆ ಆಡಿದರು. ಅತ್ತೆ ತಲೆ ಬಗ್ಗಿಸಿ ಕೂತಿದ್ದರು. ಒಂದಕ್ಕೂ ಹೂಂ ಅನ್ನಲಿಲ್ಲ.

ಇದಾಗಿ ಒಂದು ವರ್ಷದ ಮೇಲಾಯಿತು. ಬಸವೇಶ್ ಈಗಲೂ ದಿನಾ ಊಟಕ್ಕೆ ಕೂತಾಗ ಅಮ್ಮನ ಹತ್ತಿರ ಮಾತಾಡುತ್ತಾರೆ, ಗದ್ದೆಯದು, ಗಿರಣಿಯದು, ಊರಿನದು. ಅತ್ತೆ ಬಡಿಸುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಬಾಯಿ ಬಿಡುವುದಿಲ್ಲ. ಮೊದಲಾದರೂ, ಅವನಿಗೆ ಸಾರು ಬೇಕಾ ಕೇಳು ಎಂದು ನನಗೆ ಹೇಳುತ್ತಿದ್ದರು. ಈಗ ಅದನ್ನೂ ಹೇಳುವುದಿಲ್ಲ.